ಎಡ ಶಾಫ್ಟಿನ ನಾಲ್ಕು ಇಂಚು

೧೯೯೬ರ ಜೂನ್‌ನಲ್ಲಿ ನಾನು ಪುಣೆಯ ಒಂದು ಪ್ಯಾಟರ್ನ್ ಶಾಪಿಗೆ ಮೆಂಟೆನನ್ಸ್ ಸೂಪರ್‌ವೈಸರ್ ಆಗಿ ಸೇರಿದೆ. ಪ್ಯಾಟರ್ನ್ ಎಂದರೆ ಮರದ ಅಚ್ಚು. ಫೌಂಡ್ರಿಯವರು ಅದನ್ನು ಮರಳಿನಲ್ಲಿ ಒತ್ತಿ, ಮೂಡಿದ ಗುಳಿಯೊಳಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಅಚ್ಚು ಅರ್ಧ ಮಿಲಿಮೀಟರ್ ತಪ್ಪಿದರೆ ಕಬ್ಬಿಣವೂ ಅರ್ಧ ಮಿಲಿಮೀಟರ್ ತಪ್ಪುತ್ತದೆ, ಆಮೇಲೆ ಯಾರು ಎಷ್ಟು ಅತ್ತರೂ ಅದು ಸರಿಹೋಗುವುದಿಲ್ಲ. ನಾನು ಗದಗ ಕಡೆಯ ಬಡಿಗೇರ. ನಮ್ಮಪ್ಪ, ಅಜ್ಜ ಕೂರಿಗೆ, ಕುಂಟೆ, ಬಾಗಿಲ ಚೌಕಟ್ಟು ಮಾಡಿ ಬದುಕಿದವರು. ನಾನು ಐಟಿಐ ಓದಿ ಯಂತ್ರಗಳ ಕಡೆ ಹೊರಳಿದ್ದೆ, ಆದರೆ ಆ ಶಾಪಿನಲ್ಲಿ ಮೊದಲ ದಿನ ತೇಗದ ಪುಡಿಯ ವಾಸನೆ ಮೂಗಿಗೆ ಬಡಿದಾಗ ಮನೆಗೆ ಬಂದಂತಾಯಿತು.

ಈಗಲೇ ಹೇಳಿಬಿಡುತ್ತೇನೆ, ಇದು ಸೇಡಿನ ಕಥೆ. ನಿವೃತ್ತರು ಬರೆಯುವ ಅನುಭವಗಳಲ್ಲಿ ಎಲ್ಲರೂ ದೊಡ್ಡ ಮನಸ್ಸಿನವರಾಗಿರುತ್ತಾರೆ, ಎಲ್ಲರನ್ನೂ ಕ್ಷಮಿಸಿರುತ್ತಾರೆ. ನನ್ನದು ಅಷ್ಟು ದೊಡ್ಡ ಮನಸ್ಸಲ್ಲ. ಏಳು ವರ್ಷ ಒಬ್ಬ ಮನುಷ್ಯನ ಮೇಲೆ ಹಲ್ಲು ಕಡಿದುಕೊಂಡೇ ಇದ್ದೆ, ಕೊನೆಗೆ ನಾಲ್ಕು ಬೇರಿಂಗ್ ಬಿಚ್ಚುವ ನೆಪದಲ್ಲಿ ಲೆಕ್ಕ ಚುಕ್ತಾ ಮಾಡಿದೆ. ಹೇಗೆ ಮಾಡಿದೆ ಎಂಬುದನ್ನು ಇದುವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ.

ಆ ಮನುಷ್ಯ ನಮ್ಮ ವರ್ಕ್ಸ್ ಮ್ಯಾನೇಜರ್ ದೇಸಾಯಿ. ವಿಜಾಪುರ ಕಡೆಯವರು, ಪುಣೆಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಇಂಟರ್‌ವ್ಯೂನಲ್ಲಿ ನನ್ನ ಅಡ್ಡಹೆಸರು ಕೇಳಿದ್ದೇ ತಡ ಮರಾಠಿ ಬಿಟ್ಟು, "ಏ, ನಮ್ಮ ಕಡೆಯವ್ರೇನ್ರಿ! ಮತ್ತೇನ ಕೇಳೂದು, ನಾಳೆಯಿಂದ ಬರ್ರಿ" ಎಂದಿದ್ದರು. ನನಗಾಗ ಮರಾಠಿ ಅಷ್ಟಕ್ಕಷ್ಟೆ. ಮಾಲೀಕರಾದ ಬಾಪೂಸಾಹೇಬರೆದುರು ನಾನು ಬಾಯಿ ಬಿಡುವ ಅಗತ್ಯವೇ ಬೀಳುತ್ತಿರಲಿಲ್ಲ. ನಾನು ಕನ್ನಡದಲ್ಲಿ ಹೇಳುವುದು, ದೇಸಾಯಿ ಅದನ್ನು ಮರಾಠಿಗೆ ತಿರುಗಿಸಿ ಮೇಲಕ್ಕೆ ಮುಟ್ಟಿಸುವುದು. ಎಂಥ ಆರಾಮ ಎಂದುಕೊಂಡಿದ್ದೆ. ನನ್ನ ನಾಲಗೆಯನ್ನೇ ಇನ್ನೊಬ್ಬರ ಕೈಗೆ ಕೊಟ್ಟಿದ್ದೇನೆ ಎಂದು ಆಗ ಹೊಳೆಯಲಿಲ್ಲ. ವಯಸ್ಸಿಗೆ ಮರ್ಯಾದೆ ಕೊಟ್ಟು ಇಲ್ಲಿ 'ಅವರು' ಎಂದು ಬರೆಯುತ್ತಿದ್ದೇನೆ. ಮನಸ್ಸಿನಲ್ಲಿ ಬೇರೆಯೇ ಕರೆಯುತ್ತಿದ್ದೆ.

ಆ ವರ್ಷವೇ ಶಾಪಿಗೆ ಒಂದು ಸಿಎನ್‌ಸಿ ರೌಟರ್ ಬಂತು. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಕಬ್ಬಿಣದ ಮೇಜು. ಅದಕ್ಕೆ ಅಡ್ಡಲಾಗಿ ಸೇತುವೆಯಂತೆ ನಿಂತ ಒಂದು ಚೌಕಟ್ಟು, ಅದಕ್ಕೆ ಗ್ಯಾಂಟ್ರಿ ಎನ್ನುತ್ತಾರೆ. ಗ್ಯಾಂಟ್ರಿಯಲ್ಲಿ ಜೋರಾಗಿ ತಿರುಗುವ ಕಟ್ಟರ್. ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಕಟ್ಟರ್ ಓಡಾಡಿ ಮರವನ್ನು ಕೊರೆಯುತ್ತದೆ. ಮೇಜಿನ ಎಡಕ್ಕೊಂದು ಬಲಕ್ಕೊಂದು, ಮೂವತ್ತು ಮಿಲಿಮೀಟರ್ ದಪ್ಪದ ಎರಡು ದುಂಡನೆಯ ಉಕ್ಕಿನ ಶಾಫ್ಟುಗಳು. ಅವುಗಳ ಮೇಲೆ ಒಂದೊಂದು ಕಡೆ ಎರಡರಂತೆ ನಾಲ್ಕು ಬೇರಿಂಗುಗಳು. ಇವು ಸೈಕಲ್ ಚಕ್ರದಲ್ಲಿರುವ ಬೇರಿಂಗಿನಂಥವಲ್ಲ. ಅಡಿಯಲ್ಲಿ ಉದ್ದಕ್ಕೆ ಸೀಳಿದ ಕೊಳವೆಯಂತಿದ್ದು, ಒಳಗೆ ಸಾಲುಸಾಲು ಉಕ್ಕಿನ ಗುಂಡುಗಳಿರುತ್ತವೆ. ಇಡೀ ಗ್ಯಾಂಟ್ರಿಯ ಭಾರ, ಇಡೀ ಅಚ್ಚಿನ ನಿಖರತೆ ಆ ಗುಂಡುಗಳ ಮೇಲೆ ನಿಂತಿರುತ್ತದೆ. ಯಂತ್ರ ಚಾಲೂ ಮಾಡಿದಾಗ ಗ್ಯಾಂಟ್ರಿ ಮೊದಲು ಎಡ ತುದಿಯ ಒಂದು ಮೂಲೆಗೆ ಹೋಗಿ ನಿಲ್ಲುತ್ತದೆ. ಅದಕ್ಕೆ ಹೋಮ್ ಎನ್ನುತ್ತಾರೆ. ಕೆಲಸ ಮುಗಿದ ಮೇಲೂ ಅಲ್ಲೇ ಬಂದು ವಿಶ್ರಾಂತಿ ಪಡೆಯುತ್ತದೆ.

ಆ ಯಂತ್ರವನ್ನು ನಾನು ಸಾಕಿದೆ ಎಂದೇ ಹೇಳಬೇಕು. ಬೆಳಿಗ್ಗೆ ಬಂದು ಶಾಫ್ಟ್ ಒರೆಸುವುದು, ವಾರಕ್ಕೊಮ್ಮೆ ಬೇರಿಂಗಿನ ಸಣ್ಣ ಮೂತಿಯಾದ ನಿಪ್ಪಲ್ಲಿನಿಂದ ಗ್ರೀಸ್ ಒತ್ತುವುದು, ಎಲ್ಲವನ್ನೂ ನಾನೇ ಮಾಡುತ್ತಿದ್ದೆ. ಖಂಡೇನವಮಿ, ಅಂದರೆ ಆಯುಧಪೂಜೆ, ಬಂದರಂತೂ ಪೂಜೆಯೂ ನನ್ನದೇ. ಉಳಿದವರು ಒಂದು ಹಾರ ಹಾಕಿ ಕೈ ಮುಗಿದು ಪೇಢೆಗೆ ಕಾಯುವವರು. ನಾವು ವಿಶ್ವಕರ್ಮರು, ಹತಾರದ ಪೂಜೆ ನಮಗೆ ಆಟದ ಮಾತಲ್ಲ. ಅರಿಷಿಣ, ಕುಂಕುಮ, ಅಕ್ಷತೆ ಹಾಕಿ, ಅರಿಷಿಣ ಹಚ್ಚಿದ ದಾರವನ್ನು ಐದು ಸುತ್ತು ಸುತ್ತಿ ಕಂಕಣ ಕಟ್ಟಿದೆ ಎಂದರೆ ಮರುದಿನದ ತನಕ ಹತಾರ ಅಲುಗಿಸುವಂತಿಲ್ಲ. ಬಾಪೂಸಾಹೇಬರು ಅದನ್ನು ನೋಡಿ ತಲೆದೂಗುತ್ತಿದ್ದರು.

ಯಂತ್ರಕ್ಕೆ ಒಂದು ಕೊರತೆಯಿತ್ತು. ಶಾಫ್ಟುಗಳ ಮೇಲೆ ಬೆಲ್ಲೋಸ್ ಇರಲಿಲ್ಲ. ಬೆಲ್ಲೋಸ್ ಎಂದರೆ ಕುಲುಮೆಯ ತಿದಿಯಂತೆ ಮಡಚಿಕೊಳ್ಳುವ ರಬ್ಬರಿನ ಹೊದಿಕೆ, ಮರದ ಪುಡಿ ಬೇರಿಂಗಿನೊಳಗೆ ಹೋಗದಂತೆ ಕಾಯುತ್ತದೆ. ಅದು ಬೇಕೆಂದು ಒಂದೇ ವರ್ಷದಲ್ಲಿ ಮೂರು ಸಲ ಚೀಟಿ ಬರೆದು ಕೊಟ್ಟೆ. ಮೂರಕ್ಕೂ ದೇಸಾಯಿ ಮೂಲೆಯಲ್ಲಿ ಸಹಿ ಹಾಕಿದರು. "ಆತ್ರಿ, ತರಿಸೋಣ, ಎಲ್ಲಿ ಓಡಿ ಹೋಗತದ" ಎನ್ನುತ್ತಿದ್ದರು. ಬೆಲ್ಲೋಸ್ ಬರಲೇ ಇಲ್ಲ.

೧೯೯೮ರ ಜನವರಿಯಲ್ಲಿ ಹೊತ್ತಿಕೊಂಡಿತು. ಒಂದು ಪಂಪಿನ ಅಚ್ಚನ್ನು ಎರಡು ಅರ್ಧಗಳಾಗಿ ಮಾಡಿ ಕಳಿಸಿದ್ದೆವು. ಎರಡೂ ಅರ್ಧ ಸೇರುವಲ್ಲಿ ೦.೭ ಮಿಲಿಮೀಟರ್ ತಪ್ಪಿತ್ತು. ಎರಕ ಹೊಯ್ದ ಪಂಪುಗಳ ಹೊಟ್ಟೆಯ ಸುತ್ತ ಒಂದು ಮೆಟ್ಟಿಲು ಮೂಡಿತ್ತು, ಫೌಂಡ್ರಿಯವರು ಎಲ್ಲವನ್ನೂ ಟೆಂಪೋದಲ್ಲಿ ತುಂಬಿ ತಂದು ನಮ್ಮ ಗೇಟಿನೆದುರು ಸುರಿದು ಹೋದರು. ದೊಡ್ಡ ಅಚ್ಚುಗಳು ಸರಿಯಾಗಿಯೇ ಬರುತ್ತಿದ್ದವು, ಹೋಮ್ ಮೂಲೆಯಲ್ಲಿ ಬಿಗಿದು ಕೊರೆದ ಸಣ್ಣವು ಮಾತ್ರ ಕೆಟ್ಟಿದ್ದವು. ಎಡಗಡೆ ಬೇರಿಂಗಿನಲ್ಲಿ ಏನೋ ಆಗಿದೆ, ಎರಡು ದಿನ ಕೊಡಿ, ಬಿಚ್ಚಿ ನೋಡುತ್ತೇನೆ ಎಂದೆ. ಕೊಡಲಿಲ್ಲ. ಬಾಪೂಸಾಹೇಬರ ಕ್ಯಾಬಿನ್ನಿಗೆ ಕರೆಸಿದರು.

ಅಲ್ಲಿ ದೇಸಾಯಿ ಮರಾಠಿಯಲ್ಲಿ ಮಾತಾಡುತ್ತಲೇ ಇದ್ದರು. ನನಗೆ ಅರ್ಧ ಅರ್ಥವಾಯಿತು. ಗ್ರೀಸ್ ಹಾಕಿಲ್ಲ, ನಿಷ್ಕಾಳಜಿ, ಇವನಿಗೆ ಎಷ್ಟು ಹೇಳಿದರೂ ಅಷ್ಟೇ. ನಾನು ಅವರ ಕಡೆ ತಿರುಗಿ ಕನ್ನಡದಲ್ಲೇ ಕೇಳಿದೆ. "ಸಾಹೇಬ್ರ, ವಾರಾ ವಾರಾ ಗ್ರೀಸ್ ಹೊಡದೇನ್ರಿ. ಬೆಲ್ಲೋಸ್ ಬೇಕಂತ ಮೂರು ಚೀಟಿ ಕೊಟ್ಟಿದ್ನೆಲ್ರಿ, ನೀವ ಸಹಿ ಮಾಡೀರಿ. ಹೇಳ್ರಿ ಅವ್ರಿಗೆ." ದೇಸಾಯಿ ನನ್ನ ಮುಖ ನೋಡಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡುತ್ತ ಮರಾಠಿಯಲ್ಲಿ ಹೇಳಿದರು.

"ಮಲಾ ಆಠವತ ನಾಹೀ."

ನನಗೆ ನೆನಪಿಲ್ಲ ಎಂದು. ಅಷ್ಟೇ! ಎರಡು ವರ್ಷ ನನ್ನೊಡನೆ ಕನ್ನಡದಲ್ಲಿ ನಕ್ಕ ಬಾಯಿ ಅದು, ನಮ್ಮ ಮನೆಯ ರೊಟ್ಟಿ, ಶೇಂಗಾ ಹಿಂಡಿ ತಿಂದ ಬಾಯಿ. ನಾನು ಕನ್ನಡದಲ್ಲಿ ಕೇಳಿದ್ದು ಆ ಕ್ಯಾಬಿನ್ನಿನಲ್ಲಿ ಅವರೊಬ್ಬರಿಗೇ ತಿಳಿದಿತ್ತು, ಅವರೊಬ್ಬರೇ ಅದನ್ನು ಹೂತುಹಾಕಿದರು. ಸಂಜೆಯೊಳಗೆ ಒಂದು ಟೈಪ್ ಮಾಡಿದ ಕಾಗದ ಬಂತು. 'ನನ್ನ ನಿಷ್ಕಾಳಜಿಯಿಂದ ಯಂತ್ರಕ್ಕೆ ಹಾನಿಯಾಗಿದೆ, ಕ್ಷಮೆ ಕೋರುತ್ತೇನೆ' ಎಂದು ಮರಾಠಿಯಲ್ಲಿ. ಮನೆಯಲ್ಲಿ ಆರು ತಿಂಗಳ ಕೂಸಿತ್ತು, ಸಹಿ ಮಾಡಿದೆ. ಮರುದಿನ ಅದರ ಪ್ರತಿ ನೋಟಿಸ್ ಬೋರ್ಡಿನಲ್ಲಿ, ಚಹಾ ಕುಡಿಯುವ ಜಾಗದ ಎದುರಿಗೇ. ಹದಿನೈದು ದಿನ ಅದರೆದುರು ಚಹಾ ಕುಡಿದು, ಆಮೇಲೆ ನಾನೇ ಕೆಲಸ ಬಿಟ್ಟೆ.

ಅದಕ್ಕಿಂತ ಕೆಟ್ಟದ್ದು ಆಮೇಲೆ ಆಯಿತು. ನಮ್ಮೂರ ಕಡೆಯವನೊಬ್ಬ ಆ ಶಾಪಿನಲ್ಲಿದ್ದ, ಹಬ್ಬಕ್ಕೆ ಊರಿಗೆ ಹೋದವನು ಅಪ್ಪನ ಮುಂದೆ ಎಲ್ಲ ಒದರಿದ್ದ. ನಾನು ಹೋದಾಗ ಅಪ್ಪ ಬಾಚಿ ಮಸೆಯುತ್ತ ಕುಳಿತಿದ್ದ. ತಲೆ ಎತ್ತದೆ ಕೇಳಿದ, "ಹತಾರ ಕೆಡಿಸೇನಿ ಅಂತ ಬರದು ಕೊಟ್ಟಿಯೇನೋ?" ಸುಳ್ಳು ಅದು, ಬರೆಸಿಕೊಂಡರು ಎಂದೆ. "ಬರದು ಕೊಟ್ಟಿ ಹೌದಲ್ಲೋ" ಎಂದ. ಬಡಿಗೇರನಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಮತ್ತೆಂದೂ ಆ ಮಾತು ಎತ್ತಲಿಲ್ಲ, ೨೦೦೧ರಲ್ಲಿ ತೀರಿಕೊಂಡ. ಮಗ ಹತಾರ ಕೆಡಿಸಿದವನು ಎಂದುಕೊಂಡೇ ಹೋದ. ಅವನ ಚಿತೆಯ ಮುಂದೆ ನಿಂತಾಗ ನನಗೆ ಅಳುವಿಗಿಂತ ಮೊದಲು ಬಂದದ್ದು ದೇಸಾಯಿಯ ಹೆಸರು. ಹೇಳಲು ನಾಚಿಕೆಯಿಲ್ಲ, ಇದ್ದದ್ದು ಇದ್ದಹಾಗೆ ಬರೆಯುತ್ತಿದ್ದೇನೆ.

ಪುಣೆಗೆ ಮರಳಿ ಧನಕವಡಿಯಲ್ಲಿ ಒಂದು ಶೆಡ್ ಹಿಡಿದು, ಹಳೆಯ ಯಂತ್ರಗಳಿಗೆ ಹೊಸ ಬೇರಿಂಗ್ ಹಾಕಿಕೊಡುವ ಕೆಲಸ ಶುರು ಮಾಡಿದೆ. ಮೊದಲು ಮಾಡಿದ ಕೆಲಸ ಮರಾಠಿ ಕಲಿತದ್ದು. ಅಳೆದು ತೂಗಿ, ವ್ಯಾಕರಣದೊಂದಿಗೆ, ಶುದ್ಧ ಮರಾಠಿಗೆ ಹೆಸರಾದ ಸದಾಶಿವ ಪೇಟೆಯವರು ಕೇಳಿದರೂ ಹೊರಗಿನವನೆಂದು ಹೇಳಬಾರದು, ಹಾಗೆ ಕಲಿತೆ. ಇನ್ನು ಯಾರ ಬಾಯಿಯೂ ನನಗೆ ಬೇಕಾಗಿರಲಿಲ್ಲ. ಬೆಲ್ಲೋಸ್ ಚೀಟಿಗಳ ಮೂರು ಕಾರ್ಬನ್ ಪ್ರತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟೂಲ್ ಬಾಕ್ಸಿನ ತಳದಲ್ಲಿಟ್ಟೆ. ದೇಸಾಯಿಯ ಸಹಿ ನೀಲಿ ಮಸಿಯಲ್ಲಿ ಹಾಗೇ ಇತ್ತು, ಏಕೆಂದರೆ ಅವರು ಎರಡೂ ಪ್ರತಿಗೆ ಸಹಿ ಹಾಕುವ ಮನುಷ್ಯ. ಕ್ಯಾಬಿನ್ನಿಗೆ ಕರೆದ ದಿನ ಅವು ಮನೆಯಲ್ಲಿದ್ದವು. ಮರುದಿನ ತಂದಾಗ ಬಾಪೂಸಾಹೇಬರು ಮುಂಬೈಗೆ ಹೋಗಿದ್ದರು, ಬಂದ ಮೇಲೆ ನನ್ನನ್ನು ಒಳಗೆ ಬಿಡಲೇ ಇಲ್ಲ.

೨೦೦೫ರ ಆಗಸ್ಟ್‌ನಲ್ಲಿ ಫೋನ್ ಬಂತು. ಹೆಣ್ಣುದನಿ, ಮರಾಠಿ. ಹೆಸರು ಅನಘಾ. ಬಾಪೂಸಾಹೇಬರು ತೀರಿಕೊಂಡಿದ್ದರು, ಈಗ ಶಾಪು ನಡೆಸುತ್ತಿದ್ದವಳು ಅವರ ಮಗಳು. ಒಂದು ಹಳೆಯ ರೌಟರ್ ಇದೆ, ಎಡಗಡೆಯ ಬೇರಿಂಗ್ ಎಂಟು ತಿಂಗಳಿಗೊಮ್ಮೆ ಸಾಯುತ್ತದೆ, ಎಷ್ಟು ಸಲ ಬದಲಿಸಿದರೂ ಅದೇ ಕಥೆ, ದುಂಡು ಶಾಫ್ಟ್ ತೆಗೆದು ಎಲ್‌ಎಂ ಗೈಡ್ ಹಾಕಿಕೊಡಬಹುದೇ ಎಂದು ಕೇಳಿದಳು. ಎಲ್‌ಎಂ ಗೈಡ್ ಎಂದರೆ ಚೌಕನೆಯ ಹಳಿ. ಅದರ ಎರಡೂ ಬದಿಗೆ ಕೊರೆದ ಕಾಲುವೆಗಳಲ್ಲಿ ಗುಂಡುಗಳು ಓಡುತ್ತವೆ, ಬೇರಿಂಗಿನ ಜಾಗದಲ್ಲಿ ಕೂರುವ ಬ್ಲಾಕ್ ಹಳಿಯನ್ನು ಎರಡೂ ಕಡೆಯಿಂದ ತಬ್ಬಿ ಹಿಡಿದಿರುತ್ತದೆ, ಅಲುಗಾಟಕ್ಕೆ ಜಾಗವೇ ಇರುವುದಿಲ್ಲ. ಅದೇ ಯಂತ್ರ! "ನಿಮ್ಮ ವರ್ಕ್ಸ್ ಮ್ಯಾನೇಜರ್ ಯಾರು?" ಎಂದೆ. ದೇಸಾಯಿ, ಈ ತಿಂಗಳ ಕೊನೆಗೆ ನಿವೃತ್ತಿ, ಆದರೂ ಇನ್ನೆರಡು ವರ್ಷ ಸಲಹೆಗಾರರಾಗಿ ಇರಿಸಿಕೊಳ್ಳುತ್ತಿದ್ದೇವೆ ಎಂದಳು. ನಾನು ಒಂದೇ ಷರತ್ತು ಹಾಕಿದೆ. ಬಿಚ್ಚಿದ ಬೇರಿಂಗ್ ಯಾಕೆ ಕೆಟ್ಟಿತು ಎಂಬ ವರದಿಯನ್ನು ಶಾಪಿನ ಎಲ್ಲರೆದುರು, ಅವರೂ ಇರುವಾಗ, ಓದಿ ಹೇಳುತ್ತೇನೆ. ವಿಚಿತ್ರ ಷರತ್ತು ಎಂದು ನಕ್ಕು ಒಪ್ಪಿದಳು.

ನನ್ನ ಲೆಕ್ಕ ಸರಳವಾಗಿತ್ತು. ಬೇರಿಂಗ್ ಬಿಚ್ಚಿದರೆ ಒಳಗೆ ಮರದ ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಬೆಲ್ಲೋಸ್ ಇಲ್ಲದ ಪಾಪ. ಮೇಲೆ ಮೂರು ಚೀಟಿ ಇಟ್ಟರೆ ಮುಗಿಯಿತು, ನಿವೃತ್ತಿಯ ಹಾರದ ಬದಲು ಅದನ್ನೇ ಕೊರಳಿಗೆ ಹಾಕಿ ಕಳಿಸುವುದು. ಏಳು ವರ್ಷ ನಾನು ಈ ದೃಶ್ಯವನ್ನು ಸಾವಿರ ಸಲ ನೋಡಿದ್ದೆ.

ಸೋಮವಾರ ಹೋದೆ. ದೇಸಾಯಿ ಬಾಗಿಲಲ್ಲೇ ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಏ ಬಡಿಗೇರ! ನೀವೇನ್ರಿ? ಭಾಳ ದೊಡ್ಡ ಮನಷ್ಯಾ ಆಗೀರಿ ಬಿಡ್ರಿ! ಬರ್ರಿ, ಮದಲ ಚಹಾ ತಗೋಳ್ರಿ" ಎಂದು ಹೆಗಲ ಮೇಲೆ ಕೈ ಹಾಕಿದರು. ಆ ಕೈಯನ್ನು ಕಿತ್ತೆಸೆಯಬೇಕೆನಿಸಿತು. ಚಹಾ ಕುಡಿಯುತ್ತ, ಆ ನೋಟಿಸ್ ಬೋರ್ಡಿನ ಎದುರಿಗೇ ನಿಂತು, "ಆವಾಗ ಏನೋ ಸಣ್ಣ ಗದ್ದಲ ಆಗಿತ್ತಲ್ರಿ ನಿಮ್ದು? ಹೋಗ್ಲಿ ಬಿಡ್ರಿ, ಹಳೇ ಮಾತು" ಎಂದರು.

ಸಣ್ಣ ಗದ್ದಲವಂತೆ! ಮೈಯೆಲ್ಲ ಉರಿದುಹೋಯಿತು. ಕಾದಿರಿ ಸಾಹೇಬರೇ, ದೊಡ್ಡ ಗದ್ದಲವನ್ನು ಈಗ ಮಾಡುತ್ತೇನೆ ಎಂದುಕೊಂಡು, "ಹೌದ್ರಿ, ಹಳೇ ಮಾತು" ಎಂದೆ.

ಮೊದಲು ಅಳತೆ. ಡಯಲ್ ಗೇಜ್ ಎಂಬ ಮುಳ್ಳಿನ ಮಾಪಕವನ್ನು ಗ್ಯಾಂಟ್ರಿಗೆ ಕಚ್ಚಿಸಿ ಇಡೀ ಉದ್ದಕ್ಕೆ ಓಡಿಸಿದೆ. ಬಲಗಡೆ ಮುಳ್ಳು ಅಷ್ಟಾಗಿ ಅಲುಗಲಿಲ್ಲ. ಎಡಗಡೆಯೂ ಏಳೂವರೆ ಅಡಿಯ ತನಕ ಪರವಾಗಿಲ್ಲ. ಹೋಮ್ ಮೂಲೆಯ ಕೊನೆಯ ನಾಲ್ಕು ಇಂಚು ಬಂದಾಗ ಮಾತ್ರ ಮುಳ್ಳು ೦.೪ ಮಿಲಿಮೀಟರ್ ಕುಣಿಯಿತು. ಇದು ನನಗೆ ಸರಿಬರಲಿಲ್ಲ. ಪುಡಿಯಿಂದ ಸವೆದಿದ್ದರೆ ಇಡೀ ಉದ್ದಕ್ಕೆ ಸವೆಯಬೇಕಿತ್ತು. ಗ್ರೀಸ್ ಇಲ್ಲದೆ ಸವೆದಿದ್ದರೂ ಹಾಗೇ. ನಾಲ್ಕು ಇಂಚು ಮಾತ್ರ ಏಕೆ?

ಮಂಗಳವಾರ ಗ್ಯಾಂಟ್ರಿಯನ್ನು ಚೈನ್ ಪುಲ್ಲಿಗೆ ತೂಗುಹಾಕಿ ಎಡಗಡೆಯ ಬೇರಿಂಗ್ ಎಳೆದು, ಶಾಫ್ಟನ್ನು ಅದನ್ನು ಕೆಳಗಿನಿಂದ ಹೊತ್ತ ಅಲ್ಯೂಮಿನಿಯಂ ಆಸರೆಯ ಸಮೇತ ಬಿಚ್ಚಿ ಬೆಂಚಿನ ಮೇಲಿಟ್ಟೆ. ಇಷ್ಟು ವರ್ಷ ಬೇರಿಂಗ್ ಬದಲಿಸಿದವರು ಯಾರೂ ಶಾಫ್ಟ್ ಬಿಚ್ಚಿರಲಿಲ್ಲ. ಸೀಮೆಎಣ್ಣೆಯಿಂದ ತೊಳೆದು ಟಾರ್ಚ್ ಬಿಟ್ಟಾಗ ಕಂಡಿತು. ಶಾಫ್ಟಿನ ಅಡಿಬದಿಗೆ ಸಾಲಾಗಿ ಗುಳಿಗಳು, ಒಂದರಿಂದ ಒಂದಕ್ಕೆ ಒಂದೇ ಅಂತರ. ಬೇರಿಂಗಿನ ಗುಂಡುಗಳ ಅಂತರವದು. ಅಂದರೆ ಯಂತ್ರ ಅಲುಗದೆ ನಿಂತಿದ್ದಾಗ, ಗ್ರೀಸ್ ತೊಳೆದುಹೋಗಿ, ಒಂದೊಂದು ಗುಂಡಿನ ಕೆಳಗೂ ತುಕ್ಕು ಕಚ್ಚಿದೆ. ಓಡುವ ಯಂತ್ರದಲ್ಲಿ ಈ ಗುರುತು ಮೂಡುವುದಿಲ್ಲ. ಎಲ್ಲಿಂದಲೋ ನೀರು ಬಿದ್ದಿದೆ, ಬಿದ್ದ ಮೇಲೆ ಎರಡು ಮೂರು ದಿನ ಯಾರೂ ಯಂತ್ರ ಮುಟ್ಟಿಲ್ಲ. ಆ ಗುಳಿಗಳೇ ಆಮೇಲೆ ಒಂದೊಂದು ಹೊಸ ಬೇರಿಂಗನ್ನೂ ತಿಂದುಹಾಕಿವೆ.

ಶಾಫ್ಟಿಗೂ ಆಸರೆಗೂ ನಡುವಿನ ಸಂದಿಯಲ್ಲಿ ಹಳೆಯ ಗ್ರೀಸ್ ಮೇಣದಂತೆ ಕೂತಿತ್ತು. ಸ್ಕ್ರೂಡ್ರೈವರಿನಿಂದ ಕೆರೆದೆ. ಹಳದಿ ಬಣ್ಣ. ಅದರಲ್ಲಿ ಮೂರು ಅಕ್ಕಿ ಕಾಳು. ಇನ್ನೂ ಕೆರೆದಾಗ ಒಂದು ದಾರದ ತುಂಡು ಬಂತು, ಆಸರೆಯ ಕಾಲಿಗೆ ಸುತ್ತಿಕೊಂಡಿತ್ತು. ಬೆರಳಿನಿಂದ ಎಣಿಸಿದೆ. ಐದು ಸುತ್ತು.

ಮೇಲೆ ಪೂಜೆಯ ವಿಷಯ ಬರೆಯುವಾಗ ಒಂದು ಮಾತು ಬಿಟ್ಟಿದ್ದೆ. ಅಂದು ಆ ದಾರ ಕೈಗೆ ಬರುವ ತನಕ ನನಗೂ ಅದು ಮರೆತೇ ಹೋಗಿತ್ತು. ೧೯೯೭ರ ಖಂಡೇನವಮಿ. ಅಂದು ಶುಕ್ರವಾರ, ಮರುದಿನ ದಸರಾ ರಜೆ, ಅದರ ಮರುದಿನ ರವಿವಾರ. ಕಂಕಣ ಕಟ್ಟಿ, ಮಂತ್ರ ಹೇಳಿ, ಕಾಯಿ ಕೈಗೆತ್ತಿಕೊಂಡೆ. ನಮ್ಮಪ್ಪ ಕಾಯಿಯನ್ನು ಬಾಚಿ ಹೊಡೆಯುವ ಕೊರಡಿನ ಮೇಲೆಯೇ ಒಡೆಯುತ್ತಿದ್ದ, ನೀರು ಹತಾರಕ್ಕೆ ಸಲ್ಲಬೇಕು ಎನ್ನುತ್ತಿದ್ದ. ನಾನೂ ಯಂತ್ರದ ಎಡ ಮೂಲೆಯ ಉಕ್ಕಿನ ಪ್ಲೇಟಿಗೆ ಕಾಯಿ ಎತ್ತಿದೆ. ಆಗ ಹಿಂದಿನಿಂದ ಒಂದು ದನಿ, "ಬಡಿಗೇರ, ಕಾಯಿ ಹೊರಗ ಕಲ್ಲಿನ ಮ್ಯಾಲ ಒಡೀರಿ. ಮಷೀನಿನ ಮ್ಯಾಲ ನೀರು ಬೀಳ್ತಾವ." ದೇಸಾಯಿ! ನಾನು ತಿರುಗಿ, "ಪೂಜಾ ಹತಾರಕ್ಕ ಅದರೀ, ಕಲ್ಲಿಗಲ್ಲ. ಇದು ನಮ್ಮ ಮನಿತನದ ಕೆಲಸ, ನಮಗ ಬಿಡ್ರಿ" ಎಂದೆ. ಎಲ್ಲರೂ ನಕ್ಕರು. ಕಾಯಿ ಒಂದೇ ಏಟಿಗೆ ಒಡೆಯಿತು. ನೀರು ಶಾಫ್ಟಿನ ಮೇಲೆ ಹರಿದು ಬೇರಿಂಗಿನ ಕಡೆ ಹೋದದ್ದನ್ನು ನೋಡಿಯೂ ಒರೆಸಲಿಲ್ಲ, ಪೂಜೆಯಾದ ಹತಾರ ಮುಟ್ಟುವಂತಿರಲಿಲ್ಲ. ಸೋಮವಾರ ಬಂದು ಮೇಲೆ ಮೇಲೆ ಒರೆಸಿ ಚಾಲೂ ಮಾಡಿದೆ.

ಹೀಗಿತ್ತು ನೋಡಿ. ನಾನು ಗ್ರೀಸ್ ಹಾಕಿರಲಿಲ್ಲ ಎಂಬುದು ಸುಳ್ಳು. ಬೆಲ್ಲೋಸ್ ಇಲ್ಲದ್ದರಿಂದ ಕೆಟ್ಟಿತು ಎಂಬ ನನ್ನ ಏಳು ವರ್ಷದ ನಂಬಿಕೆಯೂ ಸುಳ್ಳು. ಹತಾರ ಕೆಡಿಸಿದವನು ನಾನೇ, ಅಪ್ಪ ಕಲಿಸಿದ ಪೂಜೆಯ ಕೈಯಿಂದಲೇ. ಒಂದು ನಿಮಿಷ, ಒಂದೇ ನಿಮಿಷ, ಎಲ್ಲ ಬಿಟ್ಟು ಹಳಿ ಜೋಡಿಸಿ ಮನೆಗೆ ಹೋಗೋಣ ಎನಿಸಿತು. ಆಮೇಲೆ ಹೆಗಲ ಮೇಲೆ ಬಿದ್ದ ಆ ಕೈ ನೆನಪಾಯಿತು, 'ಸಣ್ಣ ಗದ್ದಲ' ನೆನಪಾಯಿತು. ದಾರವನ್ನು ಶರ್ಟಿನ ಜೇಬಿಗೆ ಹಾಕಿಕೊಂಡೆ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಯಂತ್ರದ ಸುತ್ತ ನಿಂತರು. ಅನಘಾ, ದೇಸಾಯಿ, ಆರೇಳು ಕೆಲಸಗಾರರು. ನಾನು ಮರಾಠಿಯಲ್ಲಿ, ಒಂದು ಅಕ್ಷರ ತಪ್ಪದೆ, ಶುರು ಮಾಡಿದೆ. ಶಾಫ್ಟ್ ತೋರಿಸಿ, ಗ್ರೀಸ್ ಕೊರತೆಯ ಸವೆತ ಹೇಗಿರುತ್ತದೆ, ಇದು ಹೇಗಿದೆ, ಎಲ್ಲ ಬಿಡಿಸಿ ಹೇಳಿದೆ. ಆಮೇಲೆ ೧೯೯೮ರ ಕಾಗದದ ವಿಷಯ ತೆಗೆದೆ. ಅನಘಾಳಿಗೆ ಅದು ಗೊತ್ತೇ ಇರಲಿಲ್ಲ, ಫೈಲ್ ತರಿಸಿ ಓದಿದಳು. ಮೂರು ಚೀಟಿಗಳನ್ನು ಅವಳ ಕೈಗಿಟ್ಟೆ. "ಇವುಗಳ ನೆನಪಿಲ್ಲ ಎಂದು ಇವರು ನಿಮ್ಮ ತಂದೆಯವರ ಮುಂದೆ ಹೇಳಿದ್ದರು" ಎಂದೆ. ಅವಳು ಸಹಿ ನೋಡಿದಳು, ದೇಸಾಯಿಯನ್ನು ನೋಡಿದಳು. ಸಹಿ ನಿಮ್ಮದೇ ಎಂದು ಕೇಳಿದಳು. ಅವರು ಹೌದೆಂದು ತಲೆ ಅಲ್ಲಾಡಿಸಿದರು. ಆ ಮುಖ ಬಿಳುಚಿಕೊಂಡದ್ದನ್ನು ನಾನು ಕಣ್ತುಂಬ ನೋಡಿದೆ.

"ಮತ್ತೆ ನೀರು ಎಲ್ಲಿಂದ ಬಂತು?" ಎಂದು ಅನಘಾ ಕೇಳಿದಳು.

"ಖಂಡೇನವಮಿಯ ತೆಂಗಿನಕಾಯಿ ನೀರು" ಎಂದು ಅಕ್ಕಿ ಕಾಳು ತೋರಿಸಿದೆ. "ಯಂತ್ರದ ಮೇಲೆಯೇ ಒಡೆದಿದ್ದಾರೆ. ಶಾಪಿನ ಪೂಜೆ ವರ್ಕ್ಸ್ ಮ್ಯಾನೇಜರರ ಜವಾಬ್ದಾರಿ." ಅದರಲ್ಲಿ ಒಂದು ಶಬ್ದವೂ ಸುಳ್ಳಲ್ಲ. ಹಾಗೆ ಜೋಡಿಸುವುದನ್ನು ನಾನು ದೇಸಾಯಿಯಿಂದಲೇ ಕಲಿತಿದ್ದೆ.

ದೇಸಾಯಿ ಎರಡು ಹೆಜ್ಜೆ ಮುಂದೆ ಬಂದರು. ಗಾಬರಿಯಲ್ಲಿ ಅವರ ಬಾಯಿಂದ ಕನ್ನಡವೇ ಹೊರಟಿತು. "ಬಡಿಗೇರ, ನೆನಪ ಮಾಡ್ಕೋರಿ. ಕಾಯಿ ನೀವ ಒಡದ್ರಿ. ನಾ ಬ್ಯಾಡ ಅಂದಿದ್ನೆಲ್ರಿ, ಹೊರಗ ಒಡೀರಿ ಅಂದಿದ್ನೆಲ್ರಿ. ಹೇಳ್ರಿ ಆಕಿಗೆ." ಅಲ್ಲಿ ನಿಂತವರಲ್ಲಿ ಆ ಮಾತು ತಿಳಿದದ್ದು ನನಗೊಬ್ಬನಿಗೇ. ನೋಟಿಸ್ ಬೋರ್ಡಿನ ಕಡೆ ನೋಡುತ್ತ ಹೇಳಿದೆ.

"ಮಲಾ ಆಠವತ ನಾಹೀ."

ಅವರು ನೋಟಿಸ್ ಬೋರ್ಡನ್ನು ನೋಡಿದರು, ಆಮೇಲೆ ನನ್ನನ್ನು. ಅವರಿಗೆ ಎಲ್ಲ ನೆನಪಾಯಿತು ಎಂದು ನನಗೆ ಗೊತ್ತಾಯಿತು, ಆ ಕ್ಯಾಬಿನ್, ಆ ಕ್ಯಾಲೆಂಡರ್, ಎಲ್ಲ. ಆಮೇಲೆ ಮರಾಠಿಯಲ್ಲೂ ಹೇಳಿದರು, ಕಾಯಿ ಒಡೆದವನು ಇವನೇ ಎಂದು, ಒಂದಲ್ಲ ಎರಡು ಸಲ. ಅನಘಾ ತನ್ನ ಕೈಯಲ್ಲಿದ್ದ ಮೂರು ಚೀಟಿಗಳನ್ನೇ ನೋಡುತ್ತಿದ್ದಳು. ಹಳೆಯ ಕೆಲಸಗಾರರೆಲ್ಲ ಬಿಟ್ಟು ಹೋಗಿದ್ದರು, ಅಂದಿನ ಸಾಕ್ಷಿ ಒಬ್ಬನೂ ಉಳಿದಿರಲಿಲ್ಲ. ಯಾರೂ ಅವರನ್ನು ನಂಬಲಿಲ್ಲ. ಕಾಗದವನ್ನು ಫೈಲಿನಿಂದ ಹರಿದು ತೆಗೆದು ಅನಘಾ ನನ್ನ ಕೈಗೆ ಕೊಟ್ಟಳು, ತಂದೆಯ ಪರವಾಗಿ ಕ್ಷಮೆ ಕೇಳಿದಳು.

ಸಲಹೆಗಾರರ ಹುದ್ದೆ ಹೋಯಿತು. ಬೀಳ್ಕೊಡುಗೆಯ ಸಮಾರಂಭವೂ ಆಗಲಿಲ್ಲ. ಶನಿವಾರ ದೇಸಾಯಿ ತಮ್ಮ ಟೇಬಲ್ಲಿನ ಸಾಮಾನು ಒಂದು ಚೀಲಕ್ಕೆ ತುಂಬಿಕೊಂಡು ಹೊರಟಾಗ ನಾನು ಹೊಸ ಹಳಿಯ ಬೋಲ್ಟ್ ಬಿಗಿಯುತ್ತಿದ್ದೆ. ನನ್ನ ಹತ್ತಿರ ನಿಂತು ಮೆಲ್ಲಗೆ ಕೇಳಿದರು, "ಈಗ ಸಮಾಧಾನ ಆತೇನ್ರಿ?"

"ಆತ್ರಿ" ಎಂದೆ.

ಆಗಿತ್ತು ಕೂಡ. ಸುಳ್ಳೇಕೆ ಹೇಳಲಿ, ಸೇಡು ಸಿಹಿಯಾಗಿಯೇ ಇತ್ತು. ಅಂದು ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿದೆ, ಏಳು ವರ್ಷದಲ್ಲಿ ಮೊದಲ ಸಲ ನಿಶ್ಚಿಂತೆಯಿಂದ ನಿದ್ದೆ ಮಾಡಿದೆ. ಯಂತ್ರವೂ ಚೆನ್ನಾಗಿ ಬಂತು. ನಾಲ್ಕೂ ಹೊಸ ಬ್ಲಾಕ್ ಕೂತ ಮೇಲೆ ಡಯಲ್ ಮುಳ್ಳು ಎಂಟು ಅಡಿಯ ಉದ್ದಕ್ಕೂ ೦.೦೨ ದಾಟಲಿಲ್ಲ. ಬೆಲ್ಲೋಸನ್ನೂ ಹಾಕಿಸಿದೆ.

ಆ ವಾರವೇ ಕಾಗದ ಹಿಡಿದು ಊರಿಗೆ ಹೋದೆ. ಅಪ್ಪನ ಫೋಟೋದ ಮುಂದೆ ನಿಂತು, ನೋಡು, ವಾಪಸು ತಂದೆ ಎನ್ನಬೇಕೆಂಬುದು ಎಷ್ಟೋ ವರ್ಷದ ಆಸೆ. ಬಿಚ್ಚಿ ಓದಿದೆ. 'ನನ್ನ ನಿಷ್ಕಾಳಜಿಯಿಂದ ಯಂತ್ರಕ್ಕೆ ಹಾನಿಯಾಗಿದೆ.' ಸಹಿ ಮಾಡಿದ ದಿನ ಆ ವಾಕ್ಯ ಸುಳ್ಳೆಂದು ನಾನು ನಂಬಿದ್ದೆ. ಅದು ನಿಜ ಎಂದು ತಿಳಿದ ಎರಡು ದಿನಕ್ಕೆ ಅದನ್ನು ರದ್ದು ಮಾಡಿಸಿ ತಂದಿದ್ದೆ. ಫೋಟೋದ ಮುಂದೆ ಇಡದೆ ಮತ್ತೆ ಮಡಚಿದೆ. ಕಾಗದವನ್ನು, ಆ ದಾರವನ್ನು ಒಂದೇ ಲಕೋಟೆಯಲ್ಲಿಟ್ಟೆ. ಈಗಲೂ ಟೂಲ್ ಬಾಕ್ಸಿನ ತಳದಲ್ಲಿ, ಚೀಟಿಗಳಿದ್ದ ಜಾಗದಲ್ಲಿ ಇದೆ.

ದೇಸಾಯಿ ಈಗ ಪುಣೆಯ ವಾಕಡದಲ್ಲಿ ಮಗನ ಮನೆಯಲ್ಲಿದ್ದಾರೆಂದು ಕೇಳಿದ್ದೇನೆ. ಮನೆಗೆ ಕನ್ನಡ ಪತ್ರಿಕೆ ತರಿಸುತ್ತಾರಂತೆ, ಇದನ್ನು ಓದಿದರೂ ಓದಬಹುದು. ಚೀಟಿಗಳ ಸುಳ್ಳಿಗೆ ನಾನವರನ್ನು ಇಂದಿಗೂ ಕ್ಷಮಿಸಿಲ್ಲ, ಅದು ಅವರಿಗೂ ಗೊತ್ತಿರಲಿ. ಆದರೆ ತೆಂಗಿನಕಾಯಿ ನಾನೇ ಒಡೆದೆ. ಅದನ್ನು ಮರಾಠಿಯಲ್ಲಿ ಹೇಳಬೇಕಾದ ಜಾಗದಲ್ಲಿ ಹೇಳಲಿಲ್ಲ, ಕನ್ನಡದಲ್ಲಿ ಬರೆದಿದ್ದೇನೆ. ಕೆಟ್ಟ ಬೇರಿಂಗ್ ಬಿಚ್ಚುವಾಗ ಕಾರಣವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡು ಬಿಚ್ಚಬಾರದು ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ. ನಾನದನ್ನು ತಡವಾಗಿ ಕಲಿತೆ.

ನನ್ನ ಶೆಡ್ಡಿನಲ್ಲಿ ಪ್ರತಿ ಖಂಡೇನವಮಿಗೆ ಯಂತ್ರಗಳ ಮೇಲೆ ಪ್ಲಾಸ್ಟಿಕ್ ಹೊದಿಸಿ ಹಾರ ಹಾಕುತ್ತೇವೆ. ಕಂಕಣ ಕಟ್ಟುವುದಿಲ್ಲ. ಹೊಸದಾಗಿ ಸೇರಿದವರು ಕಾಯಿ ಹಿಡಿದು ಯಂತ್ರದ ಹತ್ತಿರ ಬಂದರೆ ನಾನು ಕೂಗಿ ಹೇಳುತ್ತೇನೆ, "ಹೊರಗ ಕಲ್ಲಿನ ಮ್ಯಾಲ ಒಡೀರಿ, ಮಷೀನಿನ ಮ್ಯಾಲ ನೀರು ಬೀಳ್ತಾವ." ಇಷ್ಟು ಚಿಕ್ಕ ವಿಷಯ ನಿಮಗೆ ಹೇಗೆ ಹೊಳೆಯಿತು ಎಂದು ಅವರು ಮೆಚ್ಚಿಕೊಳ್ಳುತ್ತಾರೆ. ಅದು ಯಾರ ಮಾತು ಎಂದು ಈವರೆಗೆ ಒಬ್ಬರಿಗೂ ಹೇಳಿರಲಿಲ್ಲ.